ಮುಜದ್ದರದ ವಿಚಾರಣೆ

“ಬೇಳೆ ಕುದಿಸೋಳಿಗೆ ರಾಜಕೀಯ ಯಾಕೆ? ನಿನ್ನ ಯೋಗ್ಯತೆ ಸೌಟಿನ ತನಕ. ಅಲ್ಲೇ ಬಿದ್ದಿರು.”

ಕಾಲೇಜಿನ ಊಟದ ಮನೆಯ ಮ್ಯಾನೇಜರ್ ವಿಚಾರಣೆಯ ಮೇಜಿನಾಚೆಯಿಂದ ಹಾಗೆಂದಾಗ ಅಡುಗೆಯ ರಸ್ಮಿಯಾ ತಲೆ ತಗ್ಗಿಸಲಿಲ್ಲ. ಪಕ್ಕದಲ್ಲಿದ್ದ ವಕೀಲೆ ಹಿಯಾಮ್ ಅವಳ ಮೊಣಕೈ ಒತ್ತಿ ಸುಮ್ಮನಿರಿಸಿದಳು. ಮೂವತ್ತೊಂದು ವರ್ಷಗಳಿಂದ ಹಿಯಾಮ್ ಮಾಡಿಕೊಂಡು ಬಂದದ್ದು ಇದನ್ನೇ. ಪ್ಯಾಲೆಸ್ತೀನಿನ ಪರ ಕರಪತ್ರ ಹಂಚಿದವರು, ಭಾಷಣ ಮಾಡಿ ಕೆಲಸ ಕಳೆದುಕೊಂಡ ಮೇಷ್ಟರು, ಬಾವುಟ ಕಟ್ಟಿದ ಬಸ್ ಡ್ರೈವರ್, ಅಮೆರಿಕದ ಈ ಪ್ಯಾಟರ್ಸನ್ ಊರಿನಲ್ಲಿ ಯಾರು ಸಿಕ್ಕಿಬಿದ್ದರೂ ಅವಳ ಬಾಗಿಲಿಗೇ ಬರುತ್ತಿದ್ದರು. ಎಲ್ಲರಿಗೂ ಒಂದೇ ಮಾತು: ಇಸ್ತ್ರಿ ಬಟ್ಟೆ ಹಾಕಿ, ದನಿ ಎತ್ತಬೇಡಿ, ನಗಬೇಡಿ. ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ರಸ್ಮಿಯಾಳ ತಪ್ಪು ಇಷ್ಟೇ. ಬೇಳೆ, ಅಕ್ಕಿ ಬೇಯಿಸಿ ಮೇಲೆ ಹುರಿದ ಈರುಳ್ಳಿ ಹಾಕಿ ಮುಜದ್ದರ ಮಾಡಿದ್ದಳು. ಪಾತ್ರೆಯ ಮುಂದಿಟ್ಟ ಚೀಟಿಯಲ್ಲಿ ‘ಪ್ಯಾಲೆಸ್ತೀನ್’ ಎಂದು ಬರೆದಿದ್ದಳು. ಮ್ಯಾನೇಜರ್ ಆ ಚೀಟಿ ಹರಿದು ಹಾಕು ಅಂದರೆ ಹರಿಯಲಿಲ್ಲ.

“ಪಿಜ್ಜಾ ಮುಂದೆ ಏನು ಬರೆದಿದ್ರಿ?” ಹಿಯಾಮ್ ಕೇಳಿದಳು.

“ಇಟಲಿ,” ಅಂದ ಮ್ಯಾನೇಜರ್.

“ಯಾರಿಗಾದ್ರೂ ಹೆದರಿಕೆ ಆಯ್ತಾ?”

“ಪಿಜ್ಜಾಕ್ಕೆ ಯಾರು ಹೆದರ್ತಾರೆ?”

“ಮುಜದ್ದರಕ್ಕೆ?”

ಮ್ಯಾನೇಜರ್ ಕಾಗದ ತಡಕಾಡಿದ. “ಒಬ್ಬರು ದೂರು ಕೊಟ್ಟಿದ್ದಾರೆ. ಎರಡು ಸಲ ಬಡಿಸ್ಕೊಂಡು ತಿಂದ ಮೇಲೆ ಭಯ ಆಯ್ತಂತೆ.”

“ಮೂರನೇ ಸಲಾನೂ ತಟ್ಟೆ ಒಡ್ಡಿದ್ದ, ಬೋಳಿಮಗ,” ಅಂದಳು ರಸ್ಮಿಯಾ. “ಖಾಲಿ ಆಯ್ತು ಅಂದೆ. ಅದಕ್ಕೇ ಉರಿ ಅವನಿಗೆ.”

ಹಿಂದಿನ ಸಾಲಿನಲ್ಲಿ ಪಾತ್ರೆ ತೊಳೆಯುವ ಹೆಂಗಸರು ಕಿಸಕ್ಕೆಂದರು. ಹಿಯಾಮ್ ತುಟಿ ಕಚ್ಚಿದಳು, ಕೆಮ್ಮಿದಳು, ಕಡೆಗೆ ಮೇಜಿನ ಮೇಲೆ ತಲೆಯಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಗಬೇಡಿ ಅಂದೋಳು ನೀನೇ ಅಲ್ವೇನೇ?” ರಸ್ಮಿಯಾ ಪಿಸುಗುಟ್ಟಿದಳು. ನಗು ಇನ್ನೂ ಜಾಸ್ತಿಯಾಯಿತು.

ವಿಚಾರಣೆಗೆ ಕೂತಿದ್ದ ಸಮಿತಿಯ ಅಧ್ಯಕ್ಷ ಮೇಜು ಕುಟ್ಟಿದ. ತೀರ್ಮಾನ ಸಂಜೆಯೊಳಗೆ, ಅಲ್ಲಿಯವರೆಗೆ ಈಕೆ ಅಡುಗೆಮನೆಗೆ ಕಾಲಿಡಕೂಡದು ಎಂದ. ಕಾವಲಿನವನು ಬಂದು ರಸ್ಮಿಯಾಳ ಕೊರಳಿನಿಂದ ಗುರುತಿನ ಚೀಟಿ ಎಳೆದುಕೊಂಡು ಎಲ್ಲರನ್ನೂ ಹೊರಗೆ ಅಟ್ಟಿದ.

ಬರಿಗೊರಳ ರಸ್ಮಿಯಾ ಹಜಾರದಲ್ಲಿ ಒಂದು ಗಳಿಗೆ ನಿಂತಳು. ಆಮೇಲೆ ಕಾಲಿನಿಂದ ನೆಲ ಬಡಿದಳು. ಮತ್ತೊಮ್ಮೆ ಬಡಿದಳು. ಪಾತ್ರೆ ತೊಳೆಯುವವರು ಅವಳ ಕೈಗೆ ಕೈ ಕೊಟ್ಟರು. ಪ್ಯಾಲೆಸ್ತೀನಿನ ಆ ದಬ್ಕೆ ಕುಣಿತ ಬರದವರೂ ಹೆಜ್ಜೆ ತಪ್ಪುತ್ತ, ನಗುತ್ತ ಸಾಲಿಗೆ ಸೇರಿದರು.

“ವಕೀಲ್ರೇ, ಇಲ್ಲಿ ಕುಣಿಯಂಗಿಲ್ಲ,” ಕಾವಲಿನವನು ಅಂದ. “ನಿಮ್ಮೋರಿಗೆ ಹೇಳಿ.”

“ಹೇಳ್ತೀನಿ. ಇದನ್ನ ಸ್ವಲ್ಪ ಹಿಡ್ಕೊಳ್ಳಿ.”

ಫೈಲನ್ನು ಅವನ ಕೈಗಿಟ್ಟು ಹಿಯಾಮ್ ಸಾಲಿನ ಮುಂದಕ್ಕೆ ಹೋದಳು. ಕರವಸ್ತ್ರ ಬೀಸುತ್ತ, ನೋಯುವ ಮಂಡಿಯಿಂದಲೇ ನೆಲ ಬಡಿಯುತ್ತ, ಇಡೀ ಸಾಲನ್ನು ಸಮಿತಿಯ ಕೋಣೆಯ ಕಡೆಗೆ ತಿರುಗಿಸಿ ಮುಚ್ಚಿದ ಬಾಗಿಲನ್ನು ಕಾಲಿನಿಂದ ಒದ್ದು ತೆರೆದಳು.