ಬಲಗಿವಿಯ ಮೇಲಿನ ಪೆನ್ಸಿಲ್ಲು

ಪ್ರೆಸ್ಸಿನಲ್ಲಿ ನನಗೆ 'ಹದ್ದಿನ ಕಣ್ಣು' ಎಂದು ಅಡ್ಡಹೆಸರು. ಪ್ರೂಫ್ ತಿದ್ದುವುದು ನನ್ನ ಕೆಲಸ. ಬಿಟ್ಟುಹೋದ ಒಂದು ಕೊಂಬೂ ನನ್ನಿಂದ ತಪ್ಪಿಸಿಕೊಂಡದ್ದಿಲ್ಲ. ಅಂಥವಳಿಗೆ ಎದುರಿನ ಕಟಿಂಗ್ ಮಷೀನಿನ ಮೇಸ್ತ್ರಿಯನ್ನು ಕಂಡರೆ ನಾಲ್ಕು ವರ್ಷದಿಂದ ಬಾಯಿ ಕಟ್ಟುತ್ತದೆ. ಅವನಿಗೂ ಮಾತು ಕಮ್ಮಿ. ಗುರುತು ಹಾಕುತ್ತಾನೆ, ಪೆನ್ಸಿಲ್ಲು ಕಿವಿಗೆ ಸಿಕ್ಕಿಸುತ್ತಾನೆ, ಕತ್ತರಿಸುತ್ತಾನೆ. ಕತ್ತರಿಸುವುದನ್ನು ಒಂದಕ್ಷರವೂ ಓದುವುದಿಲ್ಲ. ಓದಿದರೆ ಗೆರೆ ತಪ್ಪುತ್ತದೆ ಎಂಬುದು ಅವನ ನಂಬಿಕೆ.

ಹೀಗಿರುವಾಗ ಟ್ಯಾರೋ ಕಾರ್ಡುಗಳ ಆರ್ಡರ್ ಬಂತು. ಭವಿಷ್ಯ ಹೇಳುವ ಇಪ್ಪತ್ತೆರಡು ಚಿತ್ರಗಳು, ಒಂದೊಂದರ ಕೆಳಗೂ ನಾಲ್ಕು ಸಾಲು ಪದ್ಯ ಬೇಕಂತೆ. "ನೀನೇ ಗೀಚಿಬಿಡಮ್ಮ" ಅಂದರು ಯಜಮಾನರು. ಮೂರ್ಖ, ಸನ್ಯಾಸಿ, ಗೋಪುರ, ಚಂದ್ರ ಎಲ್ಲವನ್ನೂ ಸರಸರನೆ ಬರೆದು ಮುಗಿಸಿದೆ. 'ಪ್ರೇಮಿಗಳು' ಕಾರ್ಡು ಬಂದಾಗ ಮಾತ್ರ ಕೈ ನನ್ನ ಮಾತು ಕೇಳಲಿಲ್ಲ.

ಕಾಗದದ ಧೂಳು ಕಣ್ಣರೆಪ್ಪೆಗೆ,
ಬಲಗಿವಿಯ ಮೇಲೊಂದು ಪೆನ್ಸಿಲ್ಲು;
ಎಲ್ಲವನೂ ಅಳೆದು ಕತ್ತರಿಸುವವನೇ,
ನಿನ್ನೆದುರು ನಾನು ಅಳತೆ ತಪ್ಪಿದವಳು.

ಯಜಮಾನರು ಸಾಲು ಎಣಿಸಿ, ನಾಲ್ಕಿದೆ ಎಂದು ಸಹಿ ಹಾಕಿದರು. ನನಗೋ ಅವನು ಓದಿಬಿಟ್ಟರೆ ಎಂಬ ದಿಗಿಲು, ಓದದೇ ಹೋದರೆ ಎಂಬ ಅದಕ್ಕಿಂತ ದೊಡ್ಡ ದಿಗಿಲು. ಅಚ್ಚಾಗಿ ಬಂದ ದಿನ ಬೆಳಗಿನಿಂದ ಒಂದೇ ಪುಟವನ್ನು ಏಳು ಸಲ ತಿದ್ದಿದೆ.

ಮಷೀನು ಇದ್ದಕ್ಕಿದ್ದಂತೆ ನಿಂತಿತು. ತಲೆಯೆತ್ತಿ ನೋಡಿದರೆ ಅವನು ಕಾರ್ಡುಗಳ ಮೇಲೆ ಬಗ್ಗಿದ್ದಾನೆ, ತುಟಿ ಅಲ್ಲಾಡುತ್ತಿದೆ! ನೆಟ್ಟಗಾಗಿ ನನ್ನನ್ನೇ ನೋಡಿದ. ನೋಡುತ್ತಲೇ ಗುಂಡಿ ಒತ್ತಿದ. ಘಚ್.

ಯಜಮಾನರು ಓಡಿಬಂದರು. ಇಡೀ ಕಟ್ಟು ನಟ್ಟನಡುವೆ ಸೀಳಿಹೋಗಿತ್ತು. ಗಂಡು ಅತ್ತ, ಹೆಣ್ಣು ಇತ್ತ.

"ಐನೂರು ಪ್ರೇಮಿಗಳನ್ನ ಒಂದೇ ಏಟಿಗೆ ಅಗಲಿಸಿಬಿಟ್ಟೆಯಲ್ಲಯ್ಯಾ! ಗಮನ ಎಲ್ಲಿತ್ತು?"

"ಓದ್ತಾ ಇದ್ದೆ, ಸಾರ್."

"ನೀನು? ಓದ್ತಾ ಇದ್ದೆ?"

ಯಜಮಾನರು ಬೈಯುವುದನ್ನೂ ಮರೆತು, ಮತ್ತೆ ಅಚ್ಚು ಹಾಕಿಸಬೇಕೆಂದು ಗೊಣಗುತ್ತ ಹೋದರು. ನನಗೆ ನಗು ಉಕ್ಕಿ ಉಕ್ಕಿ ಬರುತ್ತಿತ್ತು. ಮೇಜಿನ ಕೆಳಗೆ ಬಗ್ಗಿ, ಬೀಳದ ಪೆನ್ನನ್ನು ಹುಡುಕಿದೆ.

ಎದ್ದಾಗ ಅವನು ಎದುರಿಗೇ ನಿಂತಿದ್ದ. ಎರಡು ಹೋಳುಗಳನ್ನು ಟೇಪು ಹಾಕಿ ಅಂಟಿಸಿದ ಕಾರ್ಡೊಂದನ್ನು ಮೇಜಿನ ಮೇಲಿಟ್ಟ.

"ಹೇಗೂ ಮತ್ತೆ ಅಚ್ಚಾಗುತ್ತೆ, ಮೇಡಂ. ಇದರಲ್ಲೊಂದು ತಪ್ಪಿದೆ."

"ನನ್ನ ಪ್ರೂಫಲ್ಲಿ ತಪ್ಪಾ?"

"ನಾನು ಪೆನ್ಸಿಲ್ ಇಟ್ಕೊಳ್ಳೋದು ಎಡಗಿವಿ ಮೇಲೆ."

ನೋಡಿದೆ. ಹೌದು, ಎಡಗಿವಿಯೇ. ಆ ಕಿವಿ ಕೆಂಪಗಾಗಿತ್ತು.

"ಅದು... ನಾಲ್ಕು ವರ್ಷದಿಂದ ಎದುರಿಗೆ ಕೂತು ನೋಡಿ ನೋಡಿ, ಎಡ ಬಲ ಅದಲುಬದಲಾಗಿರಬೇಕು" ಎಂದೆ. ಅಷ್ಟು ಉದ್ದದ ಮಾತು ಅವನೊಂದಿಗೆ ಆಡಿದ್ದು ಅದೇ ಮೊದಲು.

ಅವನು ಸ್ಟೂಲು ಎಳೆದು ನನ್ನ ಪಕ್ಕಕ್ಕೆ ಹಾಕಿಕೊಂಡು ಕೂತ.

"ಹಾಗಾದ್ರೆ ಇನ್ಮೇಲೆ ಇಲ್ಲಿಂದ ನೋಡಿ."

'ಬಲ' ಹೊಡೆದು 'ಎಡ' ಎಂದು ಬರೆದೆ. ಅಕ್ಷರ ಸೊಟ್ಟಗೆ ಬಂತು. ತಿದ್ದಲಿಲ್ಲ.