ಕೆಂಪು ದೀಪ ಹತ್ತಿದರೆ

ಮಡಿಲಲ್ಲಿ ಅದುರಿದ ಫೋನನ್ನು ಮಗಳು ಎರಡನೆಯ ಸಲವೂ ಕಟ್ ಮಾಡಿದಳು. ಗೊತ್ತಿಲ್ಲದ ನಂಬರು. ಅಪ್ಪನ ತಲೆಯ ಪಕ್ಕ ಕೂತು ಯಾರ ಜೊತೆ ಏನು ಮಾತಾಡುವುದು?

ಶವದ ವ್ಯಾನಿನ ಹಿಂಭಾಗದಲ್ಲಿ ಅವಳೂ ಅವಳ ಅಣ್ಣನೂ ಎದುರುಬದುರು ಕೂತಿದ್ದರು. ನಡುವೆ ಗಾಜಿನ ಮುಚ್ಚಳದ ತಂಪು ಪೆಟ್ಟಿಗೆ, ಅದರೊಳಗೆ ಅಪ್ಪ. ಚಿತಾಗಾರದಲ್ಲಿ ನಾಲ್ಕೂವರೆಗೆ ಅವರ ಸರದಿ. ತಪ್ಪಿದರೆ ನಾಳೆ ಬೆಳಿಗ್ಗೆಯೇ ಎಂದು ಅಲ್ಲಿಯ ಗುಮಾಸ್ತ ಖಡಾಖಂಡಿತ ಹೇಳಿದ್ದ. ಅಮ್ಮ ಮತ್ತು ನೆಂಟರು ಮುಂಚೆಯೇ ಹೋಗಿ ಕಾಯುತ್ತಿದ್ದರು. ಗಂಟೆ ನಾಲ್ಕು ದಾಟಿತ್ತು.

ಪೆಟ್ಟಿಗೆಯ ಮೋಟಾರಿನ ಸದ್ದು ಇಳಿಯಿತು. ಮೇಲಿನ ದೀಪ ಮಂಕಾಗಿ ಹಳದಿಯಾಯಿತು.

"ಅಣ್ಣ, ಗಾಡಿ ಬ್ಯಾಟರಿ ಚಾರ್ಜ್ ಆಗ್ತಿಲ್ಲ."

"ಇವತ್ತೂ ನಿನಗೆ ಗಾಡಿದೇ ಚಿಂತೆ," ಎಂದ ಅಣ್ಣ ಮುಖ ಎತ್ತದೆ.

ಮೂರು ನಿಮಿಷವೂ ಆಗಿರಲಿಲ್ಲ, ವ್ಯಾನು ಮುಗ್ಗರಿಸುತ್ತ ರಸ್ತೆಯ ಬದಿಗೆ ನಿಂತಿತು. ಎಂಜಿನ್ ಇನ್ನೂ ಓಡುತ್ತಿತ್ತು, ಜ್ವರ ಬಂದವರ ಹಾಗೆ ನಡುಗುತ್ತ. ಮಗಳು ಹಾರಿ ಇಳಿದಳು. ಮುಂದೆ ಡ್ರೈವರ್ ಪಕ್ಕದಲ್ಲಿ ಕೂತಿದ್ದ ಚಿಕ್ಕಪ್ಪ ಆಗಲೇ ಬಾನೆಟ್ ಎತ್ತಿಸಿದ್ದರು. ನಲವತ್ತು ವರ್ಷ ಅಪ್ಪನ ಅಂಗಡಿಯಲ್ಲೇ ಕೈ ಕಪ್ಪು ಮಾಡಿಕೊಂಡವರು. ಒಡಹುಟ್ಟಿದ ಅಣ್ಣನ ಸಾವಿಗೂ ಜೇಬಿನಲ್ಲಿ ಹತ್ತು ನಂಬರ್ ಸ್ಪ್ಯಾನರ್ ಇಟ್ಟುಕೊಂಡೇ ಬಂದಿದ್ದರು. ಅದು ಈಗ ಬ್ಯಾಟರಿಯ ಟರ್ಮಿನಲ್ ಮೇಲೆ ಕೂತಿತ್ತು.

"ಬಿಚ್ಚಬೇಡಿ ಅಂತ ಹೇಳಿದಾರೆ," ಎಂದು ಡ್ರೈವರ್ ಗೊಣಗಿದ.

"ಯಾರಯ್ಯ ಹೇಳಿದ್ದು? ವೈರ್ ಕಿತ್ತ ಮೇಲೂ ಎಂಜಿನ್ ಓಡಿದ್ರೆ ಡೈನಮೋ ಸರಿಯಾಗಿದೆ, ನಿಂತ್ರೆ ಕೆಟ್ಟಿದೆ. ಮುಗೀತು. ನಮ್ಮಣ್ಣ ಕಲಿಸಿದ್ದು."

"ಚಿಕ್ಕಪ್ಪ, ಕೈ ತೆಗೀರಿ."

*

ಊರಿಗೆಲ್ಲ ಅಪ್ಪ ಕರೆಂಟಣ್ಣ. ಸ್ವಂತ ಮನೆಯಲ್ಲಿ ಕೆಟ್ಟ ಬಲ್ಬ್ ಬದಲಾಯಿಸಲು ಮೂರು ವಾರ ಬೇಕಿತ್ತು, ಆ ಮಾತು ಬೇರೆ. ಅಂಗಡಿಯಲ್ಲಿ ಮಾತ್ರ ಅವರು ಹೇಳಿದ್ದೇ ವೇದವಾಕ್ಯ. ಗಾಡಿಗೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರನ್ನು ಹಳೆಯ ಕಾಲದ ಹಾಗೆ ಡೈನಮೋ ಎಂದೇ ಕರೆಯುತ್ತಿದ್ದರು, ಪರೀಕ್ಷೆಯನ್ನೂ ಹಳೆಯ ಕಾಲದ ಹಾಗೆಯೇ ಮಾಡುತ್ತಿದ್ದರು: ಎಂಜಿನ್ ಓಡುವಾಗಲೇ ಬ್ಯಾಟರಿಯ ವೈರ್ ಕಿತ್ತು, ನಾಟಕದವರ ಹಾಗೆ ಕೈ ಮೇಲೆತ್ತಿ ನಿಲ್ಲುವುದು. ನೋಡುವವರಿಗೆ ಖುಷಿ.

ಮೂರು ವರ್ಷದ ಹಿಂದೆ ಒಬ್ಬ ಡಾಕ್ಟರು ಹೊಸ ಕಾರು ತಂದರು.

"ಅಪ್ಪ, ಇದರಲ್ಲಿ ಹಾಗೆ ಮಾಡಬಾರದು. ಬ್ಯಾಟರಿ ಇಲ್ಲದೆ ಹೋದರೆ ವೋಲ್ಟೇಜ್ ಏಕಾಏಕಿ ಏರತ್ತೆ. ಒಳಗಿರೋ ಕಂಪ್ಯೂಟರ್ ಸುಡತ್ತೆ. ಮೀಟರ್ ಇಟ್ಟು ನೋಡೋಣ," ಎಂದಿದ್ದಳು ಮಗಳು.

"ನೀನು ಹುಟ್ಟೋ ಮೊದಲಿಂದ ಕೀಳ್ತಿದೀನಿ," ಎಂದು ಅಪ್ಪ ನಕ್ಕು ಕಿತ್ತರು.

ಕಾರು ಕೆಮ್ಮಿ ನಿಂತಿತು. ಮತ್ತೆ ಏಳಲಿಲ್ಲ.

"ಏನಾಯ್ತು?" ಎಂದರು ಡಾಕ್ಟರು. ಅಪ್ಪ ಕಾರಿನ ಕಂಪನಿಯನ್ನು ಬೈಯಲು ಶುರು ಮಾಡಿದರು. ಮಗಳಿಗೆ ತಡೆಯಲಾಗಲಿಲ್ಲ.

"ಕಾರು ಚೆನ್ನಾಗಿತ್ತು ಸರ್. ನಾವೇ ಸುಟ್ವಿ."

ಡಾಕ್ಟರು ಹೋದ ಮೇಲೆ ಅಪ್ಪ ಕೈ ಒರೆಸಿಕೊಳ್ಳುತ್ತ, ಅವಳ ಕಡೆ ನೋಡದೆ, "ಈ ಅಂಗಡೀಲಿ ಒಬ್ಬರೇ ಮೇಸ್ತ್ರಿ ಇರಬೇಕು," ಎಂದರು. ಅವಳು ಮಾರನೆಯ ವಾರವೇ ಬಸ್ ಡಿಪೋದಲ್ಲಿ ಕೆಲಸಕ್ಕೆ ಸೇರಿದಳು. ಆಮೇಲೆ ಮನೆಗೆ ಬಂದರೆ ಅಮ್ಮನ ಜೊತೆ ಮಾತು, ಅಪ್ಪನಿಗೆ ಬೆನ್ನು. ಇಬ್ಬರಿಗೂ ಹಟ ಒಂದೇ ಅಚ್ಚಿನದು. ನಿನ್ನೆ ಬೆಳಿಗ್ಗೆ ಅಂಗಡಿಯ ಬೆಂಚಿನ ಮೇಲೆ ಕೂತ ಅಪ್ಪ ಮತ್ತೆ ಏಳಲಿಲ್ಲ ಎಂಬ ಸುದ್ದಿ ಬಂದಾಗಲೂ ಅವಳು ಒಂದು ಬಸ್ಸಿನ ಆಲ್ಟರ್ನೇಟರ್ ಬಿಚ್ಚುತ್ತಿದ್ದಳು.

*

"ಕೈ ತೆಗೀರಿ ಚಿಕ್ಕಪ್ಪ. ಡೈನಮೋ ಕೆಟ್ಟಿದ್ರೆ ವೈರ್ ಕಿತ್ತ ಕೂಡಲೇ ಎಂಜಿನ್ ನಿಲ್ಲತ್ತೆ, ಮತ್ತೆ ಎಬ್ಬಿಸೋ ಶಕ್ತಿ ಬ್ಯಾಟರೀಲಿ ಇಲ್ಲ. ಕೆಟ್ಟಿಲ್ಲದಿದ್ರೆ ಕಂಪ್ಯೂಟರ್ ಸುಡತ್ತೆ. ಹೇಗೂ ಅಪ್ಪ ಇಲ್ಲೇ ಉಳೀತಾರೆ."

ಹಿಂದಿನಿಂದ ಅಣ್ಣ ಬಂದ. ಕಣ್ಣು ಕೆಂಪಗಿತ್ತು.

"ಅವತ್ತು ಹತ್ತು ಜನರ ಮುಂದೆ ಅಪ್ಪನ ಮಾನ ಕಳೆದೆ. ಇವತ್ತು ಹೆಣದ ಮುಂದೆ ಚಿಕ್ಕಪ್ಪನದೂ ಕಳೀಬೇಕಾ? ಪಕ್ಕಕ್ಕೆ ಬಾ."

ಅವಳು ಬರಲಿಲ್ಲ. ಸ್ಪ್ಯಾನರಿನ ಮೇಲಿದ್ದ ಚಿಕ್ಕಪ್ಪನ ಕೈಯ ಮೇಲೆ ತನ್ನ ಕೈಯಿಟ್ಟು ಒತ್ತಿ ಹಿಡಿದಳು. ಸಿಟ್ಟಿಗಿಂತ ಭಯವೇ ಹೆಚ್ಚಾಗಿತ್ತು. ಸರದಿಗೆ ಇನ್ನು ಹದಿನೆಂಟೇ ನಿಮಿಷ.

"ತಪ್ಪಾದ್ರೆ ಜೀವನ ಪೂರ್ತಿ ಬೈಯಿ ಅಣ್ಣ. ಈಗ ಐದು ನಿಮಿಷ ಕೊಡು."

ಚಿಕ್ಕಪ್ಪ ಸ್ಪ್ಯಾನರ್ ತೆಗೆದರು.

ಅವಳ ಕೈಚೀಲದಲ್ಲಿ ಬಾಚಣಿಗೆ ಇರುವ ಖಾತ್ರಿಯಿಲ್ಲ, ಮೀಟರ್ ಇದ್ದೇ ಇರುತ್ತದೆ. ಎರಡು ಕಡ್ಡಿಗಳನ್ನು ಟರ್ಮಿನಲ್ಲಿಗೆ ಮುಟ್ಟಿಸಿದಳು. ಹನ್ನೊಂದೂವರೆ ವೋಲ್ಟ್. ಓಡುವ ಗಾಡಿಯಲ್ಲಿ ಹದಿನಾಲ್ಕರ ಹತ್ತಿರ ಇರಬೇಕಿತ್ತು. ನೋಡುತ್ತಿದ್ದಂತೆ ಹನ್ನೊಂದು ಪಾಯಿಂಟ್ ನಾಲ್ಕಾಯಿತು.

"ಫ್ಯಾನ್, ಲೈಟ್ ಎಲ್ಲ ಆರಿಸಿ," ಎಂದು ಡ್ರೈವರಿಗೆ ಹೇಳಿ ಅಣ್ಣನ ಕಡೆ ತಿರುಗಿದಳು. "ಪೆಟ್ಟಿಗೆದೂ ಆರಿಸಬೇಕು. ಅದೇ ಹೆಚ್ಚು ಎಳೀತಿರೋದು."

"ಅಪ್ಪನ್ನ ಇಟ್ಟಿರೋದನ್ನ?"

"ಹೂಂ. ನೀನೇ ಆರಿಸು."

ಅಣ್ಣ ಹಿಂದಕ್ಕೆ ಹೋದ. ಮೋಟಾರಿನ ಸದ್ದು ನಿಂತಿತು.

ಆಲ್ಟರ್ನೇಟರಿನ ಬೆಲ್ಟ್ ಬಿಗಿಯಾಗಿತ್ತು. ಹಿಂದಿನ ದಪ್ಪ ವೈರ್ ಗಟ್ಟಿಯಾಗಿತ್ತು, ಸುಟ್ಟ ಗುರುತಿಲ್ಲ. ಹಾಗಿದ್ದರೆ ತೊಂದರೆ ಒಳಗೇ ಇದೆ. ಒಳಗನ್ನು ಬಿಚ್ಚಲು ಒಂದು ಗಂಟೆಯಾದರೂ ಬೇಕು.

*

ಕಾಲೇಜಿನ ರಜೆಯಲ್ಲಿ ಅವಳು ಮೊದಲ ಸಲ ಅಂಗಡಿಯಲ್ಲಿ ಕೂತಾಗ ಅಪ್ಪ ಅವಳ ಅಂಗೈ ಮೇಲೆ ಎರಡು ಇದ್ದಲಿನ ತುಂಡುಗಳನ್ನಿಟ್ಟಿದ್ದರು. ಒಂದು ಬೆರಳ ಗೆಣ್ಣಿನಷ್ಟು ಉದ್ದ, ಇನ್ನೊಂದು ಸವೆದು ಕಾಳಿನಷ್ಟು.

"ಇದೇ ಬ್ರಷ್ಷು. ಬ್ಯಾಟರಿ ಗಾಡೀನ ಎಬ್ಬಿಸತ್ತೆ ಅಷ್ಟೆ. ಆಮೇಲೆ ದುಡಿದು ಎಲ್ಲರಿಗೂ ಬಡಿಸೋದು ಡೈನಮೋ, ಬ್ಯಾಟರಿಗೂ ಸೇರಿಸಿ. ಆ ಡೈನಮೋಗೆ ಕರೆಂಟ್ ಮುಟ್ಟಿಸೋದು ಈ ಚೂರು. ಸವೆದು ಸವೆದು ಒಂದು ದಿನ ಒಳಗೆ ಸಿಕ್ಕಿಹಾಕ್ಕೊಳತ್ತೆ. ಆಗ ದೇಹ ಸರಿ ಇದ್ರೂ ಕೆಲಸ ಬಂದ್."

"ಆಗ ಏನು ಮಾಡೋದು?"

"ಬದಲಾಯಿಸೋದು. ದಾರೀಲಿದ್ರೆ ಬೆನ್ನು ತಟ್ಟು. ಹೊಡೀಬೇಡ. ಮಗೂಗೆ ತೇಗು ಬರಿಸ್ತಾರಲ್ಲ, ಹಾಗೆ ತಟ್ಟು. ಮನೆ ಮುಟ್ಟೋವರೆಗೆ ಬರತ್ತೆ."

*

"ಚಿಕ್ಕಪ್ಪ, ಅದರ ಬೆನ್ನು ತಟ್ಟಿ," ಎಂದಳು. "ಬೆಲ್ಟಿಗೆ ಕೈ ತಾಗದ ಹಾಗೆ."

ಚಿಕ್ಕಪ್ಪ ಅವಳ ಮುಖ ನೋಡಿದರು. "ಇದು ಅಣ್ಣಂದು," ಎಂದರು.

"ಹೌದು. ಅಪ್ಪಂದೇ."

ಅವರು ಸ್ಪ್ಯಾನರಿನ ಹಿಂಬದಿಯಿಂದ ಆಲ್ಟರ್ನೇಟರನ್ನು ತಟ್ಟಿದರು. ಏನೂ ಆಗಲಿಲ್ಲ. ಹನ್ನೊಂದು ಪಾಯಿಂಟ್ ಎರಡು. ಇನ್ನೆರಡು ಸಲ. ಎಂಜಿನ್ ಒಮ್ಮೆ ಉಸಿರು ಹಿಡಿದಂತೆ ತಗ್ಗಿತು. ಅಣ್ಣ ಬಂದು ಹಿಂದೆ ನಿಂತಿದ್ದ.

"ಇನ್ನೂ ಸ್ವಲ್ಪ ಕೆಳಗೆ," ಎಂದಳು.

ಚಿಕ್ಕಪ್ಪ ತಟ್ಟಿದರು. ಮೀಟರಿನ ಅಂಕಿಗಳು ಗಲಿಬಿಲಿಗೊಂಡವು. ಹನ್ನೆರಡೂವರೆ. ಹದಿಮೂರು. ಹದಿಮೂರು ಪಾಯಿಂಟ್ ಒಂಬತ್ತು. ಎಂಜಿನ್ನಿನ ನಡುಕ ನಿಂತಿತು.

"ಬ್ಯಾಟರಿಯ ಕೆಂಪು ದೀಪ ಆರಿತು," ಎಂದ ಡ್ರೈವರ್ ಒಳಗಿನಿಂದ.

ಅಣ್ಣ ಹಿಂದಕ್ಕೆ ಹೋಗಿ ಪೆಟ್ಟಿಗೆಯ ಸ್ವಿಚ್ಚಿಗೆ ಕೈ ಹಾಕಿದ, ಒತ್ತಲಿಲ್ಲ. "ಇನ್ನೂ ಬೇಡ ಅಲ್ವಾ?" ಎಂದು ತಂಗಿಯನ್ನು ಕೇಳಿದ.

"ಬೇಡ. ಇನ್ನು ಹತ್ತು ನಿಮಿಷದ ದಾರಿ."

ಚಿತಾಗಾರದ ಗೇಟು ಹೊಕ್ಕಾಗ ನಾಲ್ಕು ಇಪ್ಪತ್ತೇಳು. ಅಮ್ಮ ಮೆಟ್ಟಿಲ ಮೇಲಿಂದ ಎದ್ದು ನಿಂತಳು. ಡ್ರೈವರ್ ಎಂಜಿನ್ ಆರಿಸಲು ಹೆದರಿ, ಅದನ್ನು ಓಡಲು ಬಿಟ್ಟೇ ಇಳಿದು ಮಗಳ ಹತ್ತಿರ ಬಂದ.

"ಅಕ್ಕ, ಆಫ್ ಮಾಡ್ಲಾ ಬೇಡ್ವಾ? ಕೇಳೋಣ ಅಂದ್ರೆ ಆ ನಂಬರಿನವರು ಎತ್ತೋದೇ ಇಲ್ಲ. ಬರುವಾಗ ಕೆಂಪು ದೀಪ ಹತ್ತಿದ ಕೂಡಲೇ ಸಿಗ್ನಲ್ಲಲ್ಲಿ ಎರಡು ಸಲ ಮಾಡಿದೆ, ಎರಡು ಸಲವೂ ಕಟ್ ಮಾಡಿದ್ರು."

"ಯಾವ ನಂಬರು?"

"ನಿಮ್ಮ ತಂದೆಯವರೇ ಅಂಟಿಸಿದ್ದು. ಹೋದ ವರ್ಷ ಈ ಗಾಡಿ ರಿಪೇರಿ ಮಾಡಿದಾಗ." ಅವನು ಡ್ಯಾಶ್‌ಬೋರ್ಡಿನ ಖಾನೆಯ ಮುಚ್ಚಳ ತೆರೆದು ತೋರಿಸಿದ. "ನಿಮ್ಮ ನಂಬರೇ ಬರೀರಿ ಅಂದೆ. 'ನನ್ನ ಕೇಳಬೇಡ ಮಾರಾಯ, ನಾನು ಅಭ್ಯಾಸಬಲದಿಂದ ಬಿಚ್ಚು ಅಂದುಬಿಡ್ತೀನಿ' ಅಂದ್ರು."

ಮುಚ್ಚಳದ ಒಳಗೆ ಬಿಳಿ ಟೇಪು. ಮೇಲೆ ಅಪ್ಪನ ದಪ್ಪ ಅಕ್ಷರ: ಕೆಂಪು ದೀಪ ಹತ್ತಿದರೆ ಎಂಜಿನ್ ಆರಿಸಬೇಡಿ. ಬ್ಯಾಟರಿ ವೈರ್ ಬಿಚ್ಚಬೇಡಿ. ಇವರನ್ನು ಕೇಳಿ. ಕೆಳಗೆ ಹತ್ತು ಅಂಕಿ. ಚಿಕ್ಕಪ್ಪ ಬಗ್ಗಿ ಓದಿದರು. "ನನಗೊಂದು ಮಾತು ಹೇಳಲಿಲ್ಲವಲ್ಲ," ಎಂದರು ಮೆಲ್ಲಗೆ.

"ಇನ್ನೊಂದು ಸಲ ಮಾಡಿ ನೋಡ್ತೀನಿ," ಎಂದು ಡ್ರೈವರ್ ಫೋನು ಒತ್ತಿದ.

ಹಿಂದೆ ಅಣ್ಣ ಪೆಟ್ಟಿಗೆಯ ಒಂದು ತುದಿಗೆ ಕೈ ಹಾಕಿ, ಇನ್ನೊಂದು ತುದಿಗೆ ಅವಳನ್ನು ಕಾಯುತ್ತಿದ್ದ. ಎಂಜಿನ್ ಓಡುತ್ತಲೇ ಇತ್ತು. ಮಗಳ ಕಪ್ಪಾದ ಅಂಗೈಯಲ್ಲಿ ಫೋನು ಅದುರತೊಡಗಿತು. ಈ ಸಲ ಅವಳು ಕಟ್ ಮಾಡಲಿಲ್ಲ.