ಎಂಟು ಸಿಲಿಂಡರಿನ ಡ್ಯಾಟ್ಸನ್

ಹೇಮಲತಾ ಆ ಡ್ಯಾಟ್ಸನ್ ಪಿಕಪ್ಪನ್ನು ಮೊದಲು ನೋಡಿದಾಗ ಅದರ ಸೀಟಿನ ಮೇಲೆ ಒಂದು ಆಡು ಮಲಗಿತ್ತು. ಎರಡು ಸಾವಿರದ ಹದಿನೆಂಟರ ನವೆಂಬರ್ ತಿಂಗಳು. ದೋಹಾದ ಉತ್ತರಕ್ಕಿರುವ ತೋಟವೊಂದರಲ್ಲಿ ತಾಜಾ ತರಕಾರಿ ಸಿಗುತ್ತದೆಂದು ಗಂಡನ ಜೊತೆ ಹೋಗಿದ್ದಳು. ವೆಂಕಟರಾಮು ಬದನೆಕಾಯಿ ಆರಿಸುತ್ತಿದ್ದಾಗ ಅವಳು ಶೆಡ್ಡಿನ ಹಿಂದೆ ಹೋಗಿ, ಗಾಡಿಯ ಅಡಿಗೆ ಬಗ್ಗಿ, ಬೆರಳ ಗೆಣ್ಣಿನಿಂದ ಚಾಸಿಯನ್ನು ತಟ್ಟಿ ತಟ್ಟಿ ಸದ್ದು ಕೇಳಿದಳು. ಬಣ್ಣ ಬಿಸಿಲಿಗೆ ಸುಟ್ಟುಹೋಗಿತ್ತು, ಎಂಜಿನ್ ಇರಲೇ ಇಲ್ಲ. ಆದರೆ ಚಾಸಿಯನ್ನು ತುಕ್ಕು ತಿಂದಿರಲಿಲ್ಲ.

"ಇದನ್ನ ತಗೊಳ್ಳೋಣ," ಅಂದಳು.

"ಆಡನ್ನಾ?" ಅಂದರು ವೆಂಕಟರಾಮು.

"ಗಾಡಿನ."

ಹೇಮಲತಾಳಿಗೆ ನಲವತ್ತನಾಲ್ಕು. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿದವಳು. ಅವಳ ತರಗತಿಯಲ್ಲಿದ್ದ ಹುಡುಗಿಯರು ಇಬ್ಬರೇ. ರಯ್ಯಾನಿನ ಒಂದು ಕಾಂಟ್ರಾಕ್ಟರ್ ಆಫೀಸಿನಲ್ಲಿ ಕೂತು, ವರ್ಲ್ಡ್ ಕಪ್ಪಿಗೆಂದು ಏಳುತ್ತಿದ್ದ ಸ್ಟೇಡಿಯಮ್ಮಿಗೆ ತಣ್ಣನೆ ಗಾಳಿ ಸಾಗಿಸುವ ಡಕ್ಟುಗಳ ನಕ್ಷೆ ಬರೆಯುವುದು ಅವಳ ಕೆಲಸ. ಕೆಲಸದಲ್ಲಿ ಅವಳಿಗೆ ಒಳ್ಳೆಯ ಹೆಸರಿತ್ತು. ಆದರೆ ಅವಳು ಬರೆದದ್ದೆಲ್ಲ ಕಾಂಕ್ರೀಟಿನೊಳಗೆ, ಕುರ್ಚಿಗಳ ಅಡಿಯಲ್ಲಿ ಮುಚ್ಚಿಹೋಗುತ್ತಿತ್ತು. ತಾನು ಬರೆದ ಒಂದು ವಸ್ತು ಕಣ್ಣೆದುರು ಓಡಬೇಕು, ಅದನ್ನು ತಾನೇ ಓಡಿಸಬೇಕು ಎಂಬ ಆಸೆ ಅವಳಿಗೆ ಎಷ್ಟೋ ವರ್ಷಗಳಿಂದ ಇತ್ತು. ಹಳೇ ಗಾಡಿಯೊಂದರ ಮೈಯಲ್ಲಿ ಬೇಡದ್ದನ್ನೆಲ್ಲ ಕಳಚಿ, ದೊಡ್ಡ ಎಂಜಿನ್ ಕೂರಿಸಿ, ನೇರ ಟ್ರ್ಯಾಕಿನಲ್ಲಿ ಕಾಲು ಮೈಲಿ ಓಡಿಸುವ ಹಾಟ್ ರಾಡ್. ಸನಾಯ್ಯಾದ, ಅಂದರೆ ಗ್ಯಾರೇಜು ಗೋದಾಮುಗಳೇ ತುಂಬಿದ ಇಂಡಸ್ಟ್ರಿಯಲ್ ಏರಿಯಾದ ಹತ್ತಿರ ಅಂಥ ಒಂದು ಟ್ರ್ಯಾಕ್ ಇತ್ತು. ಚಳಿಗಾಲದ ಶುಕ್ರವಾರಗಳಲ್ಲಿ ಅಲ್ಲಿ ಯಾರು ಬೇಕಾದರೂ ಹೆಸರು ಕೊಟ್ಟು ಓಡಿಸಬಹುದಿತ್ತು.

ವೆಂಕಟರಾಮು ಒಂದು ಟ್ರೇಡಿಂಗ್ ಕಂಪನಿಯ ಆಡಿಟರ್. ವಕ್ರಾದ ಫ್ಲ್ಯಾಟಿಗೆ ವಾಪಸು ಬರುವ ದಾರಿಯಲ್ಲಿ ಅವರು ನಿಧಾನವಾಗಿ ಕೇಳಿದರು. "ರೋಡ್ ಮೇಲೆ ಓಡಿಸೋ ಹಾಗಿಲ್ಲ. ಊರಿಗೆ ತಗೊಂಡ್ಹೋಗೋ ಹಾಗಿಲ್ಲ. ಪ್ರಾರ್ಥನಾ ಮೆಡಿಕಲ್ ಮುಗಿಯೋಕೆ ಇನ್ನೂ ಮೂರು ವರ್ಷ ಇದೆ. ಇದು ಯಾತಕ್ಕೆ ಹೇಳು ಹೇಮಾ?"

"ಓಡಿಸೋದಕ್ಕೆ ಕಣ್ರೀ. ಮಗಳ ಫೀಸಿನ ದುಡ್ಡು ಮುಟ್ಟಲ್ಲ. ಈ ವರ್ಷದ ನನ್ನ ಬೋನಸ್ ಎಷ್ಟಿದೆಯೋ ಅಷ್ಟರಲ್ಲೇ ಮುಗಿಸ್ತೀನಿ."

ಮುಂದಿನ ಶುಕ್ರವಾರ ಅವಳು ಮೊಯ್ದಿನ್ ಕುಂಞಿಯನ್ನು ಕರೆದುಕೊಂಡು ಮತ್ತೆ ತೋಟಕ್ಕೆ ಹೋದಳು. ವಿಟ್ಲದ ಕಡೆಯ ಬ್ಯಾರಿ ಮೊಯ್ದಿನ್ ಕುಂಞಿ ಸನಾಯ್ಯಾದಲ್ಲಿ ಸಣ್ಣದೊಂದು ಗ್ಯಾರೇಜು ನಡೆಸುತ್ತಿದ್ದ. ಹೇಮಲತಾಳ ಮನೆಯ ಕಾರನ್ನು ಏಳು ವರ್ಷಗಳಿಂದ ನೋಡಿಕೊಳ್ಳುತ್ತಿದ್ದವನು ಅವನೇ. ತೋಟದ ಯಜಮಾನ ಮುದುಕ. ಗಾಡಿಗೆ ಬೆಲೆ ಹೇಳಲು ಅವನಿಗೆ ಮನಸ್ಸಿರಲಿಲ್ಲ. ನೀರೆತ್ತುವ ಪಂಪು ಕೆಟ್ಟು ಹತ್ತು ದಿನ ಆಗಿತ್ತು, ಅದೇ ಅವನ ಚಿಂತೆ. ಇಬ್ಬರೂ ಮಧ್ಯಾಹ್ನದವರೆಗೆ ಕೂತು ಪಂಪು ಬಿಚ್ಚಿ, ಬೇರಿಂಗ್ ಬದಲಾಯಿಸಿ ನೀರು ಬರಿಸಿದರು. ಮುದುಕ ಆಡನ್ನು ಇಳಿಸಿ, "ಖಲಾಸ್, ಶೀಲ್," ಅಂದ. ಮುಗಿಯಿತು, ಎತ್ತಿಕೊಂಡು ಹೋಗಿ ಎಂದು ಅದರ ಅರ್ಥ.

"ಅಕ್ಕ, ಗಾಡಿ ಸಿಕ್ಕಿತು. ಇನ್ನು ಎಂಜಿನ್ನಿಗೆ ಎಂತ ಮಾಡುವುದು?" ಅಂದ ಮೊಯ್ದಿನ್ ಕುಂಞಿ.

ಎಂಜಿನ್ ಗುಜರಿಯಲ್ಲಿ ಸಿಕ್ಕಿತು. ಹಿಂದಿನಿಂದ ಲಾರಿ ಗುದ್ದಿ ಅರ್ಧವಾಗಿದ್ದ ಹಳೆಯ ಲೆಕ್ಸಸ್ ಕಾರಿನದು. ಎಂಟು ಸಿಲಿಂಡರು, ಒಂದು ಗೀರೂ ಇರಲಿಲ್ಲ. ಅದರ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಹೇಮಲತಾಳಿಗೆ ಬೇಕಿರಲಿಲ್ಲ. ಟೊಯೋಟಾ ಪಿಕಪ್ಪಿನ ಐದು ಗೇರಿನ ಪೆಟ್ಟಿಗೆಯೊಂದು ಗ್ಯಾರೇಜಿನ ಮೂಲೆಯಲ್ಲಿ ಬಿದ್ದಿತ್ತು. ಆದರೆ ಆ ಎಂಜಿನ್ನಿನ ಬೋಲ್ಟುಗಳೇ ಬೇರೆ, ಈ ಪೆಟ್ಟಿಗೆಯ ಬೋಲ್ಟುಗಳೇ ಬೇರೆ. ಎರಡರ ನಡುವೆ ದಪ್ಪನೆಯ ಅಲ್ಯುಮಿನಿಯಂ ಪ್ಲೇಟೊಂದು ಬೇಕು, ಅದರಲ್ಲಿ ಎರಡೂ ಕಡೆಯ ತೂತುಗಳಿರಬೇಕು. ವಿದೇಶದಿಂದ ತರಿಸಿದರೆ ಅವಳ ಬೋನಸ್ಸಿನ ಅರ್ಧ ಅದಕ್ಕೇ ಹೋಗುತ್ತಿತ್ತು.

"ನಾನು ಬರೀತೀನಿ," ಅಂದಳು ಹೇಮಲತಾ. ಎರಡು ಶುಕ್ರವಾರ ಅಳತೆ ತೆಗೆದಳು, ಮೂರನೆಯ ವಾರ ನಕ್ಷೆ ಮುಗಿಸಿದಳು.

ಬೇಕಾದ ದಪ್ಪದ ತುಂಡು ಸೈಟಿನಲ್ಲೇ ಇತ್ತು. ಯಾವುದೋ ಯಂತ್ರದ ಪೀಠ ಕತ್ತರಿಸಿ ಉಳಿದದ್ದು. ಸ್ಟೋರ್ ನೋಡಿಕೊಳ್ಳುತ್ತಿದ್ದ ಶಿರ್ವದ ಲ್ಯಾನ್ಸ್‌ಲಾಟ್ ಅದನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದ. "ಹೇಗೂ ಸ್ಕ್ರ್ಯಾಪಿಗೆ ಹೋಗುವುದು ಮೇಡಂ. ಡಿಕ್ಕಿಯಲ್ಲಿ ಹಾಕಿ ಕೊಂಡ್ಹೋಗಿ. ಯಾರು ಕೇಳ್ತಾರೆ?"

"ನಾನೇ ಕೇಳ್ಕೋತೀನಲ್ಲ ಲ್ಯಾನ್ಸಿ. ಗೇಟ್ ಪಾಸ್ ಬರೀರಿ. ಸ್ಕ್ರ್ಯಾಪ್ ರೇಟು ಎಷ್ಟೋ ಅಷ್ಟು ಕಟ್ಟಿ ತಗೊಂಡ್ಹೋಗ್ತೀನಿ."

ಆ ಕಾಗದ ಮೂರು ಮೇಜು ದಾಟಲು ಹನ್ನೊಂದು ದಿನ ಹಿಡಿಯಿತು. ಸಹಿ ಹಾಕುವಾಗ ಪ್ರಾಜೆಕ್ಟ್ ಮ್ಯಾನೇಜರ್ ಇದು ಯಾತಕ್ಕೆಂದು ಕೇಳಿದ. ಅವಳು ಹೇಳಿದಳು. ಅವನು ನಕ್ಕ. ಸಂಜೆಯೊಳಗೆ ಆಫೀಸಿಗೆಲ್ಲ ಸುದ್ದಿ ಹಬ್ಬಿತು. ಎಷ್ಟು ಹೊತ್ತಲ್ಲಿ ಓಡ್ತೀರಿ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ. "ಕಾಲು ಮೈಲಿ, ಹದಿನೈದು ಸೆಕೆಂಡಿನ ಒಳಗೆ." ತೂಕ, ಎಂಜಿನ್ನಿನ ಬಲ, ಚಕ್ರದ ಅಳತೆ ಎಲ್ಲ ಹಾಕಿ ಅವಳು ಲೆಕ್ಕ ಮಾಡಿಯಾಗಿತ್ತು.

ಎರಡು ಸಾವಿರದ ಹತ್ತೊಂಬತ್ತು ಪೂರ್ತಿ ಕೆಲಸ ನಡೆಯಿತು. ಅವಳ ನಕ್ಷೆಯಂತೆ ಪ್ಲೇಟನ್ನು ಹೊರಗೆ ಕೊಟ್ಟು ಕೊರೆಸಿದರು. ಬೇಸಿಗೆಯಲ್ಲಿ ಗ್ಯಾರೇಜಿನ ತಗಡು ಕಾದು ಸ್ಪ್ಯಾನರು ಮುಟ್ಟುವಂತಿರುತ್ತಿರಲಿಲ್ಲ, ಬೆಳಿಗ್ಗೆ ಐದಕ್ಕೇ ಶುರುಮಾಡಿ ಹತ್ತಕ್ಕೆ ನಿಲ್ಲಿಸುತ್ತಿದ್ದರು. ಚಾಸಿಯ ತೆರೆದ ಬದಿಗೆ ಕಬ್ಬಿಣದ ಪಟ್ಟಿ ಬೆಸೆದು ಅದನ್ನು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆಯಂತೆ ಬಲಪಡಿಸಿದರು. ಸಾಮಾನು ಹೇರುವ ಹಿಂದಿನ ತೊಟ್ಟಿ ಕಿತ್ತರು. ಒಂದೇ ಸೀಟು ಉಳಿಯಿತು. ಬೆಸುಗೆ ಮೊಯ್ದಿನ್ ಕುಂಞಿಯದು, ತಪಾಸಣೆ ಹೇಮಲತಾಳದು. ಒಪ್ಪಿಗೆಯಾಗದ ಬೆಸುಗೆಯನ್ನು ಅವಳು ಸೀಮೆಸುಣ್ಣದಿಂದ ಸುತ್ತುತ್ತಿದ್ದಳು. ಅವನು ಅದನ್ನು ಉಜ್ಜಿ ತೆಗೆದು ಮತ್ತೆ ಬೆಸೆಯುತ್ತಿದ್ದ.

ಎರಡು ಸಾವಿರದ ಇಪ್ಪತ್ತರ ಜನವರಿಯಲ್ಲಿ ಎಂಜಿನ್ ಮೊದಲ ಸಲ ಹೊತ್ತಿಕೊಂಡಿತು. ಅಕ್ಕಪಕ್ಕದ ಶೆಡ್ಡಿನವರೆಲ್ಲ ಓಡಿಬಂದರು. ಆದರೆ ಹೇಮಲತಾಳ ಮುಖ ಅರಳಲಿಲ್ಲ. ವೇಗ ಏರಿಸಿದಾಗ ಗೇರ್‌ಬಾಕ್ಸಿನಿಂದ ಒಂದು ನಡುಕ ಅವಳ ಪಾದಕ್ಕೆ ಬರುತ್ತಿತ್ತು. ಕ್ಲಚ್ ಒತ್ತಿದರೂ ಗೇರು ಸಲೀಸಾಗಿ ಬಿಡುತ್ತಿರಲಿಲ್ಲ.

"ಕಾಲು ಮೈಲಿಗೆ ಇಷ್ಟು ಸಾಕು ಅಕ್ಕ. ನಾವೇನು ಮಂಗ್ಳೂರಿಗೆ ಹೋಗ್ಲಿಕ್ಕುಂಟಾ?" ಅಂದ ಮೊಯ್ದಿನ್ ಕುಂಞಿ.

"ಬೇಡ. ಶಾಫ್ಟ್ ಮುರಿದರೆ ಮುರಿಯೋದು ನನ್ನ ಕಾಲಿನ ಪಕ್ಕದಲ್ಲಿ. ಎಂಜಿನ್ ಶಾಫ್ಟು, ಗೇರ್‌ಬಾಕ್ಸ್ ಶಾಫ್ಟು ಒಂದೇ ಗೆರೆಯಲ್ಲಿ ಕೂತಿಲ್ಲ. ನನ್ನ ಪ್ಲೇಟಲ್ಲೇ ತಪ್ಪಿದೆ. ನಾನು ಅಳತೆ ಶುರುಮಾಡಿದ್ದು ಸವೆದ ತೂತಿನಿಂದ ಅಂತ ಕಾಣುತ್ತೆ. ಬಿಚ್ಚೋಣ."

ಅವಳು ಹೆಸರು ಕೊಟ್ಟಿದ್ದ ಓಟಕ್ಕೆ ನಾಲ್ಕು ವಾರ ಇತ್ತು. ಬೋನಸ್ಸು ಮುಗಿದಿತ್ತು, ಇನ್ನೊಂದು ಪ್ಲೇಟು ಮಾಡಿಸುವ ಮಾತೇ ಇರಲಿಲ್ಲ. ಅಂದು ಮನೆಗೆ ಬಂದು ಅವಳು ಊಟ ಮಾಡುತ್ತಲೇ ಗಂಡನಿಗೆ ಹೇಳಿದಳು. "ಶುಕ್ರವಾರ ನನ್ನ ಜೊತೆ ಬನ್ನಿ. ನಾನು ಎಂಜಿನ್ ತಿರುಗಿಸಬೇಕು, ಮೊಯ್ದಿನ್ ಪ್ಲೇಟು ಹಿಡ್ಕೋಬೇಕು. ಗೇಜ್ ಓದೋಕೆ ಒಬ್ಬರು ಬೇಕು. ಅಂಕಿ ತಪ್ಪು ಓದದೆ ಇರೋರು ನನಗೆ ಗೊತ್ತಿರೋದು ನೀವೊಬ್ಬರೇ."

ವೆಂಕಟರಾಮು ಅದುವರೆಗೆ ಗ್ಯಾರೇಜಿನ ಬಾಗಿಲು ದಾಟಿರಲಿಲ್ಲ. ಶುಕ್ರವಾರ ಇಸ್ತ್ರಿ ಮಾಡಿದ ಅಂಗಿಯಲ್ಲೇ ಬಂದು, ಗಾಡಿಯ ಪಕ್ಕ ಹಾಸಿದ ರಟ್ಟಿನ ಮೇಲೆ ಮಂಡಿಯೂರಿ, ಗಡಿಯಾರದಂಥ ಗೇಜಿನ ಮುಖಕ್ಕೆ ಕಣ್ಣಿಟ್ಟರು. ಹೇಮಲತಾ ಎಂಜಿನ್ನನ್ನು ಕೈಯಿಂದ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದಳು. ಅವರು ಅಂಕಿ ಓದಿದರು, ಎಂಟು ಕಡೆ ನಿಲ್ಲಿಸಿ ಬರೆದುಕೊಂಡರು, ಅನುಮಾನ ಬಂದು ಇನ್ನೊಂದು ಸುತ್ತು ಓದಿಸಿದರು.

"ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದು ಪಾಯಿಂಟ್ ನಾಲ್ಕು ಮಿಲಿಮೀಟರ್," ಅಂದರು.

"ಹಾಗಾದ್ರೆ ತಪ್ಪು ಅದರಲ್ಲಿ ಅರ್ಧ. ಪಾಯಿಂಟ್ ಏಳು. ಒಂದು ಕಡೆ ಎಷ್ಟು ಹೆಚ್ಚೋ ಇನ್ನೊಂದು ಕಡೆ ಅಷ್ಟೇ ಕಮ್ಮಿ ತೋರಿಸುತ್ತೆ."

"ಡಬಲ್ ಎಂಟ್ರಿ ತರಾನೇ," ಅಂದರು ವೆಂಕಟರಾಮು. ಆ ವಿಷಯದಲ್ಲಿ ಅವರು ಆಡಿದ ಮೊದಲ ಸಂತೋಷದ ಮಾತು ಅದು.

ಪ್ಲೇಟನ್ನು ಎಂಜಿನ್ನಿಗೆ ಕೂರಿಸಿ ಹಿಡಿಯುವುದು ಎರಡು ಉಕ್ಕಿನ ಪಿನ್ನುಗಳು. ನೇರ ಪಿನ್ನಿನ ಬದಲು ಮುಂದಿನ ಅರ್ಧದ ನಡುವಿಗಿಂತ ಹಿಂದಿನ ಅರ್ಧದ ನಡು ಪಾಯಿಂಟ್ ಏಳು ಮಿಲಿಮೀಟರು ಪಕ್ಕಕ್ಕೆ ಸರಿದಿರುವ ಪಿನ್ನು ಮಾಡಿ, ಬೋಲ್ಟಿನ ತೂತುಗಳನ್ನು ಕೊಂಚ ಸಡಿಲಿಸಿದರೆ, ಪ್ಲೇಟು ಅದೇ ಇದ್ದರೂ ಅದರ ಜಾಗ ಸರಿಯುತ್ತದೆ. ಹಾಗೆಂದು ಹೇಮಲತಾ ನೆಲದ ಮೇಲೆ ಚಿತ್ರ ಬರೆದು ತೋರಿಸಿದಳು. ಪಕ್ಕದ ಶೆಡ್ಡಿನಲ್ಲಿ ಲೇತ್ ಇತ್ತು. ರಾಣೆಬೆನ್ನೂರಿನ ಭೈರಪ್ಪ ಅದರ ಕೆಲಸಗಾರ. ಚಿತ್ರವನ್ನು ಬಹಳ ಹೊತ್ತು ನೋಡಿ, ಆಗದು ಎಂಬಂತೆ ತಲೆಯಾಡಿಸಿದ.

"ಇಷ್ಟ್ ಸಣ್ಣ ಪಿನ್ನ ನಡು ತಪ್ಪಿಸಿ ಹಿಡಿಯೋದು ಕಷ್ಟ ಐತ್ರೀ. ನಾ ಮಾಡಿಲ್ಲ."

"ನಾನು ಮಾಡಿದೀನಿ. ಇಪ್ಪತ್ತೈದು ವರ್ಷದ ಹಿಂದೆ, ಪ್ರಾಕ್ಟಿಕಲ್ ಪರೀಕ್ಷೆಲಿ. ನಿಮ್ಮ ಲೇತ್ ಒಂದು ಗಂಟೆ ಕೊಡಿ."

ಭೈರಪ್ಪ ಅವಳ ಕೈ ನೋಡಿದ, ಮುಖ ನೋಡಿದ, ಆಮೇಲೆ ಸ್ವಿಚ್ಚು ಹಾಕಿ ಪಕ್ಕಕ್ಕೆ ನಿಂತ. ಮೊದಲ ಪಿನ್ನು ಹಾಳಾಯಿತು. ಎರಡನೆಯದೂ ಹಾಳಾಯಿತು. ಮೂರನೆಯದನ್ನು ತಿರುಗಿಸುವಾಗ ಅವನೇ ಬಂದು, "ಹಿಂಗ ಹಿಡೀರಿ," ಎಂದು ಹಿಡಿತ ಸರಿಮಾಡಿದ. ಒಂದು ಗಂಟೆ ಎಂದದ್ದು ನಾಲ್ಕು ಗಂಟೆಯಾಯಿತು. ಎರಡು ಪಿನ್ನು ಸಿದ್ಧವಾದವು. ಮರುವಾರ ವೆಂಕಟರಾಮು ಮತ್ತೆ ಗೇಜಿನ ಮುಂದೆ ಕೂತು ಓದಿದರು. ಮುಳ್ಳು ಕದಲಿತೋ ಇಲ್ಲವೋ ಎಂಬಷ್ಟು. ಎಂಜಿನ್ ಹೊತ್ತಿಸಿದಾಗ ನಡುಕ ಇರಲಿಲ್ಲ.

ಫೆಬ್ರವರಿಯ ಶುಕ್ರವಾರ, ಮಧ್ಯಾಹ್ನದ ಬಿಸಿಲಲ್ಲಿ ಡ್ಯಾಟ್ಸನ್ ಟ್ರ್ಯಾಕಿಗೆ ಬಂತು. ಮುಂದೆ ಹಿಂದೆ ಹೊಳೆಯುವ ಹೊಸ ಕಾರುಗಳಿದ್ದವು. ಇದಕ್ಕೆ ಇನ್ನೂ ಬಣ್ಣ ಬಳಿದಿರಲಿಲ್ಲ. ತಪಾಸಣೆ ಮಾಡುವ ಲೆಬನಾನಿ ಗಾಡಿಯ ಅಡಿಗೆ ನುಗ್ಗಿ ತುಂಬ ಹೊತ್ತು ಇದ್ದ. ಹೊರಬಂದು ಪ್ಲೇಟಿನ ಕಡೆ ಬೆರಳು ತೋರಿಸಿ, ಎಲ್ಲಿ ಕೊಂಡದ್ದು ಎಂದು ಕೇಳಿದ.

"ಕೊಂಡದ್ದಲ್ಲ. ನಾವೇ ಮಾಡಿದ್ದು," ಎಂದು ಹೇಮಲತಾ ಇಂಗ್ಲಿಷಿನಲ್ಲಿ ಹೇಳಿದಳು.

ಅವನು ಮೊಯ್ದಿನ್ ಕುಂಞಿಯ ಕಡೆ ತಿರುಗಿ ಡ್ರೈವರ್ ಎಲ್ಲಿ ಎಂದ. ಮೊಯ್ದಿನ್ ಕುಂಞಿ ಹೆಲ್ಮೆಟನ್ನು ಅವಳ ಕೈಗಿಟ್ಟ. ಲೆಬನಾನಿ ಚೀಟಿಗೆ ಸಹಿ ಹಾಕಿ, ಹೊರಡಿ ಎಂದು ಕೈ ಬೀಸುತ್ತ, "ಯಲ್ಲಾ ಮೇಡಂ," ಅಂದ.

ಮೊದಲ ಓಟದಲ್ಲಿ ಅವಳು ಎರಡರಿಂದ ಮೂರನೇ ಗೇರಿಗೆ ಹಾಕುವಾಗ ತಪ್ಪಿದಳು. ಹದಿನೇಳೂವರೆ ಸೆಕೆಂಡು. ಪಕ್ಕದ ಕಾರು ಅಷ್ಟರಲ್ಲಿ ತಿರುಗಿ ವಾಪಸು ಹೊರಟಿತ್ತು. ಎರಡನೆಯದರಲ್ಲಿ ಹಿಂದಿನ ಚಕ್ರ ಜಾರಿ ಗಾಡಿ ಅಡ್ಡ ತಿರುಗಲು ನೋಡಿತು. ಅವಳು ಕಾಲು ಸಡಿಲಿಸಿ, ನೇರ ಮಾಡಿಕೊಂಡು ಮುಗಿಸಿದಳು. ಹದಿನೈದು ಪಾಯಿಂಟ್ ಆರು. ವೆಂಕಟರಾಮು ಬೇಲಿಯ ಆಚೆಯಿಂದ, "ಸಾಕು ಅನ್ಸಿದ್ರೆ ಸಾಕು ಮಾಡು," ಅಂದರು. ಅವಳು ಹಿಂದಿನ ಟೈರುಗಳಿಂದ ಸ್ವಲ್ಪ ಗಾಳಿ ಇಳಿಸಿದಳು.

"ಈಗ ಬರುತ್ತೆ ನೋಡಿ," ಅಂದಳು.

ಮೂರನೆಯ ಸಲ ಹಸಿರು ದೀಪ ಬಂದಾಗ ಗಾಡಿ ಜಾರಲಿಲ್ಲ, ಕಚ್ಚಿಕೊಂಡು ಹಾರಿತು. ಬೆನ್ನು ಸೀಟಿಗೆ ಅಂಟಿತು. ಎರಡು, ಮೂರು, ನಾಲ್ಕು. ಒಂದೊಂದು ಗೇರೂ ಅವಳು ಅಂದುಕೊಂಡ ಜಾಗದಲ್ಲೇ ಬಿತ್ತು. ಕೊನೆಯ ಗೆರೆ ದಾಟಿ ಬ್ರೇಕು ಒತ್ತುವಾಗ ತಾನು ಜೋರಾಗಿ ನಗುತ್ತಿರುವುದು ಅವಳಿಗೇ ಕೇಳಿಸಿತು. ಚೀಟಿಯಲ್ಲಿ ಹದಿನಾಲ್ಕು ಪಾಯಿಂಟ್ ಏಳು ಒಂದು ಎಂದಿತ್ತು. ಪಕ್ಕದ ಕಾರು ಆಗಲೂ ಮುಂದೆಯೇ ಇತ್ತು. ಅವಳು ಅದನ್ನು ತಿರುಗಿಯೂ ನೋಡಲಿಲ್ಲ.

ಮುಂದಿನ ತಿಂಗಳು ಕೊರೋನಾ ಬಂತು. ಸನಾಯ್ಯಾದ ಬೀದಿಗಳನ್ನು ಮುಚ್ಚಿದರು. ಮೊಯ್ದಿನ್ ಕುಂಞಿ ಒಳಗೇ ಉಳಿದ, ಗಾಡಿಯೂ ಒಳಗೇ ಉಳಿಯಿತು. ಪ್ರತಿ ಶುಕ್ರವಾರ ಬೆಳಿಗ್ಗೆ ಹೇಮಲತಾ ಫೋನು ಮಾಡುತ್ತಿದ್ದಳು. ಊಟ ಬರ್ತಿದೆಯಾ, ಜ್ವರ ಗಿರ ಇಲ್ಲ ತಾನೇ ಎಂದು ಮೊದಲು ಕೇಳುತ್ತಿದ್ದಳು. ಆಮೇಲೆ ಅವನು ಎಂಜಿನ್ ಹೊತ್ತಿಸಿ ಫೋನನ್ನು ಬಾನೆಟ್ಟಿನ ಹತ್ತಿರ ಹಿಡಿಯುತ್ತಿದ್ದ. ವಕ್ರಾದ ಊಟದ ಮೇಜಿನ ಮೇಲೆ ಗಂಡ ಹೆಂಡತಿ ಇಬ್ಬರೂ ಕಿವಿಗೊಟ್ಟು ಕೇಳುತ್ತಿದ್ದರು.

ಬೀದಿಗಳು ತೆರೆದು, ಓಟಗಳು ಮತ್ತೆ ಶುರುವಾದ ಚಳಿಗಾಲದ ಮೊದಲ ಶುಕ್ರವಾರ, ಸಾಲಿನಲ್ಲಿ ನಿಂತಾಗ ಹೇಮಲತಾ ಹೆಲ್ಮೆಟನ್ನು ಮೊಯ್ದಿನ್ ಕುಂಞಿಯ ಕಡೆಗೆ ಚಾಚಿದಳು.

"ಇವತ್ತು ನೀವು ಓಡಿಸಿ."

"ನಾನಾ? ಬೇಡ ಅಕ್ಕ. ಗಾಡಿ ನಿಮ್ಮದು."

"ಬೆಸುಗೆ ಯಾರದು? ಹತ್ತಿ."

ಅವನ ಸಮಯ ಹದಿನಾಲ್ಕು ಪಾಯಿಂಟ್ ನಾಲ್ಕು. ಅವಳದಕ್ಕಿಂತ ಕಡಿಮೆ. ಹೇಗೆ ಹೇಳುವುದೆಂದು ತಿಳಿಯದೆ ಅವನು ಚೀಟಿಯನ್ನು ಮಡಿಸಿ ಹಿಡಿದುಕೊಂಡು ಬಂದ. ಹೇಮಲತಾ ಅದನ್ನು ಬಿಡಿಸಿ ಓದಿ, ಗಂಡನ ಕೈಗೆ ಕೊಟ್ಟಳು.

"ಕ್ಲಚ್ ಸ್ವಲ್ಪ ತಡವಾಗಿ ಬಿಟ್ರಿ," ಅಂದಳು. "ಇನ್ನೂ ಕಮ್ಮಿ ಆಗುತ್ತೆ. ಮತ್ತೆ ಸಾಲಿಗೆ ನಿಲ್ಲಿ."